ಅಂಚಿನ ಎರಡು ತೂತು

ಜನವರಿ 9

ತಗಡು,

ಪಾರ್ಸೆಲ್ ನಿನ್ನೆ ಮಧ್ಯಾಹ್ನ ಕೈಸೇರಿತು. ಹೊರಗೆ ಹೊಲಿದ ಗೋಣಿ, ಅದರೊಳಗೆ ಒಣಹುಲ್ಲು, ಹುಲ್ಲಿನೊಳಗೆ ಹಳೆಯ ಟ್ಯೂಬಿನ ರಬ್ಬರು. ಒಂದು ಹಳೇ ಯುದ್ಧದ ಉಕ್ಕಿನ ಟೋಪಿಗೆ ಇಷ್ಟು ಉಪಚಾರ ಮಾಡುವವನು ನಿನ್ನ ಮದುವೆಯಲ್ಲಿ ಸ್ವಂತ ಭಾವನಿಗೆ ಕೂರಲು ಕುರ್ಚಿ ಹುಡುಕಿಕೊಡಲಿಲ್ಲ. ನಿನ್ನ ಅಕ್ಕ ಕತ್ತರಿ ತರುವಷ್ಟರಲ್ಲಿ ನಾನು ದಾರವನ್ನು ಹಲ್ಲಿನಿಂದಲೇ ಕಚ್ಚಿ ಕಿತ್ತಿದ್ದೆ. ಅರವತ್ತೆರಡಕ್ಕೆ ಇದ್ದ ಹಲ್ಲನ್ನೂ ಕಳೆದುಕೊಳ್ಳುತ್ತೀರಿ ಎಂದು ಬೈದಳು.

ಏನು ಹೇಳಲಿ ಮಾರಾಯ. ಎಡಗಡೆಯ ಆ ನೆಗ್ಗು ಮಾಯವಾಗಿದೆ. ಬೆರಳಿನಿಂದ ಸವರಿದೆ, ದೀಪಕ್ಕೆ ಹಿಡಿದು ನೋಡಿದೆ, ಎಲ್ಲಿತ್ತು ಎಂಬುದೇ ತಿಳಿಯಲಿಲ್ಲ. ಮೂವರು ಕೆಲಸಗಾರರು ಈ ಉಕ್ಕು ಮಾತು ಕೇಳುವುದಿಲ್ಲ ಎಂದು ಕೈಯೆತ್ತಿದ್ದರು. ಕಾರಿನ ಬಾಗಿಲು ತಟ್ಟಿ ಜೀವನ ಮಾಡುವ ನೀನು ಗೆದ್ದುಬಿಟ್ಟೆ. ಅಂಚಿನ ಒಳಮೈಯಲ್ಲಿ ಕಾರ್ಖಾನೆಯ ಅಕ್ಷರ, ಉಕ್ಕಿನ ನಂಬರು, ವರ್ಷ, ಎಲ್ಲವೂ ಮೊದಲಿಗಿಂತ ಚೆನ್ನಾಗಿ ಕಾಣುತ್ತಿವೆ. ಅಭ್ಯಾಸದಂತೆ ಅಯಸ್ಕಾಂತ ಹಿಡಿದೆ, ಅಂಟಲಿಲ್ಲ. ಮ್ಯಾಂಗನೀಸ್ ಉಕ್ಕಿನ ಗುಣವೇ ಅದು. ನಾನು ಕೂಡಿಟ್ಟ ಹನ್ನೆರಡು ಟೋಪಿಗಳಲ್ಲಿ ಇದೇ ಹಿರಿಯ ಮಗ.

ಮೊನ್ನೆ ಹಳೇ ಸಾಮಾನಿನ ವ್ಯಾಪಾರಿ ಇಂಥದೇ ಇನ್ನೊಂದನ್ನು ತಂದಿದ್ದ. ಬ್ರಿಟಿಷ್ ಸೈನ್ಯದ್ದೇ, ಅದೇ ತಟ್ಟೆಯ ಆಕಾರ. ಆದರೆ ಅಂಚಿನಲ್ಲಿ ಎರಡು ಸಣ್ಣ ತೂತು. ನಾನು ಮುಟ್ಟಲೂ ಇಲ್ಲ. ಆ ತೂತು ಯಾಕೆ ಗೊತ್ತೇ? ಆ ಕಾಲದಲ್ಲಿ ಉಕ್ಕಿನ ಪ್ರತಿ ರಾಶಿಯಿಂದ ಒಂದೆರಡು ಟೋಪಿ ತೆಗೆದು ಗುಂಡು ಹಾರಿಸಿ ಪರೀಕ್ಷೆ ಮಾಡುತ್ತಿದ್ದರು. ಫೇಲಾದ ರಾಶಿಯ ಟೋಪಿಗಳನ್ನು ಎಸೆಯದೆ ಅಂಚಿಗೆ ತೂತು ಕೊರೆದು, ಊರಿನಲ್ಲೇ ಉಳಿದು, ಹೆಚ್ಚೆಂದರೆ ತಲೆಗೆ ಹೆಂಚು ಬೀಳಬಹುದಾದ ಕಾವಲುಗಾರರಿಗೆ ಕೊಡುತ್ತಿದ್ದರು. ರಣರಂಗಕ್ಕೆ ಹೋಗುವವನು ಅದನ್ನು ಹಾಕಿಕೊಳ್ಳಬಾರದು ಎಂಬುದಕ್ಕೆ ಆ ತೂತೇ ಗುರುತು. ನನಗೆ ಟೋಪಿ ಹಾಕಲು ಬಂದಿದ್ದ ಅವನು.

ಮಗಳು ತಿಂಗಳ ಕೊನೆಗೆ ಬರುತ್ತಾಳಂತೆ. ಆಸ್ಪತ್ರೆಯಲ್ಲಿ ಅವಳನ್ನು ಈಗ ಹಿರಿಯ ನರ್ಸ್ ಮಾಡಿದ್ದಾರೆ. ನಿನ್ನ ಅಕ್ಕ ಬೀದಿಗೆಲ್ಲ ಹೇಳಿಕೊಂಡು ಬಂದಳು.

ನಿನ್ನ ಭಾವ

ಜನವರಿ 20

ಭಾವನವರಿಗೆ ನಮಸ್ಕಾರ.

ಪತ್ರ ತಲುಪಿತು. ಹೊಗಳಿಕೆ ಸ್ವಲ್ಪ ಜಾಸ್ತಿಯಾಯಿತು. ಕುರ್ಚಿಯ ವಿಷಯ ಹತ್ತೊಂಬತ್ತು ವರ್ಷದಿಂದ ಕೇಳುತ್ತಿದ್ದೇನೆ, ಇನ್ನೊಂದು ವರ್ಷ ತಾಳಿ, ಇಪ್ಪತ್ತು ತುಂಬಿದ ಮೇಲೆ ಒಂದು ಕಳುಹಿಸಿಕೊಡುತ್ತೇನೆ.

ಟೋಪಿಯ ವಿಷಯದಲ್ಲಿ ಒಂದು ಮಾತು. ಅದನ್ನು ಗಾಜಿನ ಬೀರುವಿನಲ್ಲೇ ಇಡಿ. ಬಂದವರಿಗೆಲ್ಲ ತೆಗೆದು ತೋರಿಸುವುದು, ಸುತ್ತಿಗೆಯಿಂದ ಬಡಿದು ನಾದ ಕೇಳಿಸುವುದು ಬೇಡ. ಬಣ್ಣ ಇನ್ನೂ ಹಸಿ ಅಂತಲೇ ತಿಳಿದುಕೊಳ್ಳಿ. ಹಳೆಯ ವಸ್ತು, ನೋಡಲಿಕ್ಕೆ ಮಾತ್ರ.

ಇಲ್ಲಿ ಗ್ಯಾರೇಜಿನಲ್ಲಿ ಕೆಲಸ ಕುತ್ತಿಗೆಯವರೆಗೆ ಇದೆ. ಒಂದೇ ವಾರದಲ್ಲಿ ಮೂರು ಗಾಡಿಗಳು ಒಂದೇ ಕಂಬಕ್ಕೆ ಗುದ್ದಿ ಬಂದವು. ಕಂಬಕ್ಕೆ ಏನೂ ಆಗಿಲ್ಲ. ಹುಡುಗಿಗೆ ಮಾವನ ಆಶೀರ್ವಾದ ತಿಳಿಸಿ. ಅಕ್ಕನಿಗೆ ಮಂಡಿ ನೋವು ಹೇಗಿದೆ?

ತಗಡು

ಫೆಬ್ರವರಿ 16

ತಗಡು,

ಮನೆಯಲ್ಲಿ ನಾಲ್ಕು ದಿನ ನೆಟ್ಟಗೆ ಮಾತುಕತೆ ಇರಲಿಲ್ಲ. ಮಗಳು ಗಡಿಯ ಊರಿನ ಆಸ್ಪತ್ರೆಗೆ ಹೋಗುತ್ತೇನೆ ಎಂದು ತಾನಾಗಿಯೇ ಹೆಸರು ಕೊಟ್ಟು ಬಂದಿದ್ದಾಳೆ. ಗಾಯಗೊಂಡವರನ್ನು ಬೀದಿಯಿಂದ ಎತ್ತಿ ತರುವ ವ್ಯಾನಿನಲ್ಲಿ ಕೆಲಸ. ಅಲ್ಲಿ ಶೆಲ್ ಬೀಳುವುದನ್ನು ನೀನೂ ರೇಡಿಯೋದಲ್ಲಿ ಕೇಳುತ್ತಿದ್ದೀಯಲ್ಲ. ನಿನ್ನ ಅಕ್ಕ ಮೊದಲು ಬೈದಳು, ಆಮೇಲೆ ಅತ್ತಳು, ಆಮೇಲೆ ಬಾಗಿಲಿಗೆ ಅಡ್ಡ ಕೂತಳು. ಮಗಳು ಅವಳನ್ನು ದಾಟಿಕೊಂಡೇ ನೀರು ಕುಡಿಯಲು ಹೋಗಿಬಂದಳು.

ನಿನ್ನೆ ನನಗೊಂದು ಹೊಳೆಯಿತು. ಬೀರು ತೆಗೆದೆ. ಹಿರಿಯ ಮಗನನ್ನು ತಂದು ಅಡುಗೆಮನೆಯ ಮೇಜಿನ ಮೇಲೆ ಇಟ್ಟೆ. ನಿನ್ನ ಅಕ್ಕನಿಗೆ ಹೇಳಿದೆ, ನೋಡು, ಇದು ಪರೀಕ್ಷೆಯಾದ ಉಕ್ಕು, ನನ್ನ ಕಣ್ಣೆದುರು ನಂಬರು ಇದೆ, ಮೇಲಿಂದ ಬೀಳುವ ಚೂರುಗಳನ್ನು ತಡೆಯಲೆಂದೇ ಇಂಥ ಅಗಲ ಅಂಚು ಇಟ್ಟಿದ್ದಾರೆ. ಅವಳು ಅದನ್ನು ಎತ್ತಿ ತಿರುವಿ ನೋಡಿದಳು. "ಇದನ್ನ ನನ್ನ ತಮ್ಮ ಕೈಯಾರೆ ರಿಪೇರಿ ಮಾಡಿದ್ದಲ್ವಾ?" ಅಂದಳು. ಹೌದು ಅಂದೆ. "ಹಾಗಾದ್ರೆ ಹಾಕ್ಕೊಂಡು ಹೋಗ್ಲಿ," ಅಂದಳು. ಬಾಗಿಲಿನಿಂದ ಎದ್ದಳು.

ನನ್ನ ಮಾತಿಗಿಂತ ನಿನ್ನ ಕೈಕೆಲಸಕ್ಕೆ ಬೆಲೆ ಜಾಸ್ತಿ. ಮೂವತ್ತು ವರ್ಷ ಸಂಸಾರ ಮಾಡಿ ಇದನ್ನು ತಿಳಿದುಕೊಂಡೆ.

ಹೊರಡುವುದು ಈ ತಿಂಗಳ ಇಪ್ಪತ್ತೇಳಕ್ಕೆ.

ನಿನ್ನ ಭಾವ

ಫೆಬ್ರವರಿ 21

ಭಾವ,

ನಿಮ್ಮ ಪತ್ರ ಈಗ ಬಂತು, ಈಗಲೇ ಬರೆಯುತ್ತಿದ್ದೇನೆ. ಆ ಟೋಪಿಯನ್ನು ಅವಳಿಗೆ ಕೊಡಬೇಡಿ. ಗಲ್ಲಪಟ್ಟಿ ಹಿಡಿಯುವ ರಿವೆಟ್ಟು ನಾನು ಹೊಸದಾಗಿ ಹೊಡೆದದ್ದು, ನನಗೆ ಸಮಾಧಾನವಿಲ್ಲ. ಕೂಡಲೇ ನನಗೆ ವಾಪಸು ಕಳುಹಿಸಿ, ಸರಿ ಮಾಡಿ ನಾನೇ ಅವಳಿಗೆ ತಲುಪಿಸುತ್ತೇನೆ. ಅಲ್ಲಿಯವರೆಗೆ ಆಸ್ಪತ್ರೆಯವರು ಏನು ಕೊಡುತ್ತಾರೋ ಅದನ್ನೇ ಹಾಕಿಕೊಳ್ಳಲಿ. ಹೊಸ ಕಾಲದ್ದು ಹಗುರವಾಗಿಯೂ ಇರುತ್ತದೆ, ಗಟ್ಟಿಯಾಗಿಯೂ ಇರುತ್ತದೆ.

ಸಾಧ್ಯವಾದರೆ ಅವಳನ್ನೇ ತಡೆಯಿರಿ.

ತಗಡು

ಮಾರ್ಚ್ 4

ತಗಡು,

ನಿನ್ನ ಪತ್ರ ಬರುವಷ್ಟರಲ್ಲಿ ಮಗಳು ಹೊರಟು ಮೂರು ದಿನವಾಗಿತ್ತು. ಟೋಪಿ ಅವಳ ಜೊತೆಗೇ ಹೋಯಿತು. ರೈಲಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು, ಪಕ್ಕದ ಸೀಟಿನ ಹೆಂಗಸು ಅದನ್ನು ಬಾಣಲೆ ಅಂದುಕೊಂಡು "ಎಲ್ಲಿ ತಗೊಂಡ್ರಿ?" ಎಂದು ಕೇಳಿದಳು. ನಾವು ಮೂವರೂ ನಕ್ಕೆವು. ನಿನ್ನ ಅಕ್ಕ ನಗುತ್ತಲೇ ಅತ್ತಳು.

ರಿವೆಟ್ಟನ್ನು ನಾನೇ ಪರೀಕ್ಷೆ ಮಾಡಿದ್ದೆ. ಪಟ್ಟಿಗೆ ಕೊಡ ತುಂಬ ನೀರು ಕಟ್ಟಿ ನೇತುಹಾಕಿದೆ, ಜಗ್ಗಲಿಲ್ಲ. ನಿನ್ನದು ಹುಟ್ಟುಗುಣ, ಒಳ್ಳೆ ಕೆಲಸ ಮಾಡಿ ಆಮೇಲೆ ಬೆವರುವುದು. ಶಾಲೆಯ ಚಿತ್ರಕಲೆಯಲ್ಲಿ ಬಹುಮಾನ ಬಂದಾಗಲೂ ಹೋಗಿ ಬಚ್ಚಲಲ್ಲಿ ಕೂತಿದ್ದೆಯಂತೆ, ನಿನ್ನ ಅಕ್ಕ ಹೇಳಿದಳು.

ಅವಳನ್ನು ತಡೆಯಲು ನನ್ನಿಂದಾಗಲಿಲ್ಲ. ನಿನಗೆ ಹೇಳುತ್ತೇನೆ, ಇನ್ಯಾರಿಗೂ ಹೇಳಲಾರೆ. ಆ ಟೋಪಿ ಇಲ್ಲದಿದ್ದರೆ ನಾನೂ ಬಾಗಿಲಿಗೆ ಅಡ್ಡ ಕೂರುತ್ತಿದ್ದೆ.

ನಿನ್ನ ಭಾವ

ಮಾರ್ಚ್ 9

ಭಾವನವರಿಗೆ,

ಇದನ್ನು ಮೂರನೇ ಸಲ ಬರೆಯುತ್ತಿದ್ದೇನೆ. ಮೊದಲೆರಡು ಒಲೆಗೆ ಹೋದವು.

ನೀವು ಕಳುಹಿಸಿದ ಟೋಪಿ ನಿಮ್ಮ ಮನೆಗೆ ವಾಪಸು ಬರಲೇ ಇಲ್ಲ. ನೆಗ್ಗು ತೆಗೆಯಲು ನಾನು ಅದಕ್ಕೆ ಗ್ಯಾಸಿನ ಬೆಂಕಿ ಹಿಡಿದೆ. ಕಾರಿನ ತಗಡಿಗೆ ದಿನಾ ಹಾಗೇ ಮಾಡುವುದು, ಕೆಂಪಗಾದರೆ ಬೆಣ್ಣೆಯ ಹಾಗೆ ಬಾಗುತ್ತದೆ. ಇದೂ ಬಾಗಿತು. ಆರಿದ ಮೇಲೆ ಒಂದು ಸಲ ತಟ್ಟಿದೆ, ನೆತ್ತಿಯಿಂದ ಅಂಚಿನವರೆಗೆ ಸೀಳಿತು, ಇನ್ನೊಂದು ಸಲ ತಟ್ಟಿದ್ದಕ್ಕೆ ಮಡಕೆಯ ಹಾಗೆ ಎರಡಾಯಿತು. ಆ ಉಕ್ಕಿಗೆ ಬೆಂಕಿ ತೋರಿಸಬಾರದು ಎಂದು ಆಮೇಲೆ ಒಬ್ಬ ಮುದುಕ ಕಮ್ಮಾರ ಹೇಳಿದ. ಕಾಯಿಸಿ ಸುಮ್ಮನೆ ಆರಲು ಬಿಟ್ಟರೆ ಅದರ ಜೀವ ಹೋಗುತ್ತದಂತೆ.

ನಿಮಗೆ ಹೇಳುವ ಧೈರ್ಯ ಬರಲಿಲ್ಲ. ನನ್ನ ಗ್ಯಾರೇಜಿನಲ್ಲಿ ನಟ್ಟು ಬೋಲ್ಟು ಹಾಕಿಡುತ್ತಿದ್ದ ಒಂದು ಹಳೇ ಟೋಪಿ ಇತ್ತು. ಅದೇ ಆಕಾರ, ಅದೇ ಅಳತೆ. ಅಂಚಿನಲ್ಲಿ ಎರಡು ತೂತು. ನಾನು ತೂತಿಗೆ ಹಿತ್ತಾಳೆ ತುಂಬಿ ಅರದಿಂದ ಉಜ್ಜಿದೆ. ಕಬ್ಬಿಣ ತುಂಬಿದರೆ ನಿಮ್ಮ ಅಯಸ್ಕಾಂತ ಹಿಡಿದುಬಿಡುತ್ತದೆ ಎಂದು ಗೊತ್ತಿತ್ತು. ಹಳೆಯ ನಂಬರನ್ನು ಉಜ್ಜಿ, ನಿಮ್ಮ ಟೋಪಿಯ ಅಕ್ಷರಗಳನ್ನು ನೋಡಿಕೊಂಡು ಅಚ್ಚುಗಳಿಂದ ಒಂದೊಂದೇ ಹೊಡೆದೆ. ಒಳಗಿನ ಚರ್ಮ ಹಿಡಿಯುವುದು ನೆತ್ತಿಯ ಒಂದೇ ಸ್ಕ್ರೂ, ಅದನ್ನು ಬದಲಾಯಿಸುವುದು ಐದು ನಿಮಿಷದ ಕೆಲಸ. ಮೇಲೆ ಮರಳು ಬೆರೆಸಿದ ಬಣ್ಣ. ಸುಳ್ಳು ಹೇಳುವುದಿಲ್ಲ, ಮುಗಿದಾಗ ನನಗೇ ಹೆಮ್ಮೆಯಾಯಿತು.

ಆ ತೂತು ಯಾಕೆ ಎಂಬುದು ನನಗೆ ನಿಮ್ಮ ಜನವರಿಯ ಪತ್ರ ಓದುವವರೆಗೆ ಗೊತ್ತಿರಲಿಲ್ಲ. ನೇತುಹಾಕಲು ಮಾಡಿಕೊಂಡದ್ದು ಅಂದುಕೊಂಡಿದ್ದೆ.

ಭಾವ, ಅವಳ ತಲೆಯ ಮೇಲೆ ಇರುವುದು ಫೇಲಾದ ಉಕ್ಕು. ಕೂಡಲೇ ತಿಳಿಸಿ, ತೆಗೆದುಬಿಡಲಿ. ಇದನ್ನು ನಾಳೆ ಬೆಳಿಗ್ಗೆ ಅಂಚೆಗೆ ಹಾಕುತ್ತೇನೆ.

ನಿಮ್ಮ ತಗಡು

ಮಾರ್ಚ್ 15

ಭಾವನವರಿಗೆ ನಮಸ್ಕಾರ.

ಹಿಂದಿನ ವಾರ ಒಂದು ಪತ್ರ ಬರೆದೆ, ಹಾಕಲಿಲ್ಲ. ಅಂಚೆಡಬ್ಬದವರೆಗೆ ಹೋದೆ, ಮಾತಾಡಿಸಲು ಒಬ್ಬ ಗಿರಾಕಿ ಸಿಕ್ಕಿದ, ಅವನ ಜೊತೆ ಹಾಗೇ ವಾಪಸು ಬಂದೆ. ಈಗ ಅದು ಡ್ರಾಯರಿನಲ್ಲಿದೆ.

ಹೇಳಬೇಕಾದದ್ದು ಇಷ್ಟೇ. ಆ ಟೋಪಿಗೆ ನಾನು ಕೆಲಸ ಮಾಡುವಾಗ ಸ್ವಲ್ಪ ಬೆಂಕಿ ತಾಗಿದೆ. ಬೆಂಕಿ ತಾಗಿದ ಉಕ್ಕು ಮೊದಲಿನಷ್ಟು ಗಟ್ಟಿ ಇರುವುದಿಲ್ಲ ಎಂದು ತಿಳಿದವರು ಹೇಳುತ್ತಾರೆ. ಅವಳಿಗೆ ಬರೆದು ಆಸ್ಪತ್ರೆಯ ಹೆಲ್ಮೆಟ್ಟನ್ನೇ ಹಾಕಿಕೊಳ್ಳಲು ಹೇಳಿ. ನಮ್ಮದನ್ನು ಪೆಟ್ಟಿಗೆಯಲ್ಲಿ ಇಡಲಿ. ನಾನೂ ಅವಳಿಗೆ ಬರೆಯೋಣವೆಂದರೆ ವಿಳಾಸ ಗೊತ್ತಿಲ್ಲ, ಕಳುಹಿಸಿ.

ತಗಡು

ಏಪ್ರಿಲ್ 2

ತಗಡು,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಕೋಪ ಇಳಿಯಲಿ ಎಂದು ಸುಮ್ಮನಿದ್ದೆ. ಇಳಿಯಲಿಲ್ಲ.

ಮೊದಲು ಮಗಳ ವಿಷಯ. ಪತ್ರ ಬರೆದಿದ್ದಾಳೆ. ಹೊಸದಾಗಿ ಬಂದವಳೆಂದು ಆಸ್ಪತ್ರೆಯವರು ಅವಳಿಗೆ ಒಂದು ಹೊಸ ಹೆಲ್ಮೆಟ್ ಕೊಟ್ಟರಂತೆ. ವ್ಯಾನಿನ ಡ್ರೈವರ್ ಬರಿ ತಲೆಯಲ್ಲಿ ಓಡಿಸುತ್ತಿದ್ದನಂತೆ. "ಅಪ್ಪ, ನನ್ನ ಹತ್ರ ನಿಮ್ಮದು ಇದೆಯಲ್ಲ, ಹೊಸದನ್ನ ಅವನಿಗೆ ಕೊಟ್ಟುಬಿಟ್ಟೆ," ಎಂದು ಬರೆದಿದ್ದಾಳೆ. ಮಾರುಕಟ್ಟೆ ಬೀದಿಯಲ್ಲಿ ಎಲ್ಲರೂ ಗೋಡೆಗೆ ಒತ್ತಿ ನಿಂತಾಗ ಇವಳು ಮಾತ್ರ ಎದ್ದು ಹೋಗಿ ಒಬ್ಬ ಮುದುಕಿಯನ್ನು ಎಳೆದು ತಂದಳಂತೆ. ಟೋಪಿ ಇದ್ದುದರಿಂದ ಧೈರ್ಯ ಬಂತು ಅನ್ನುತ್ತಾಳೆ. ನಾನು ಅದನ್ನು ಓದಿ ಹೆಮ್ಮೆಪಟ್ಟೆ, ಆಮೇಲೆ ಹೋಗಿ ಮುಖ ತೊಳೆದುಕೊಂಡೆ.

ಇನ್ನು ನಿನ್ನ ವಿಷಯ. ಮೊದಲು ಯಾರಿಗೂ ತೋರಿಸಬೇಡಿ ಅಂದೆ. ಆಮೇಲೆ ರಿವೆಟ್ಟು ಅಂದೆ, ವಾಪಸು ಕಳುಹಿಸಿ ಅಂದೆ. ಈಗ ಬೆಂಕಿ ಅನ್ನುತ್ತಿದ್ದೀಯ. ನನಗೆ ಅರ್ಥವಾಗಿರಲಿಲ್ಲ. ಹಳೇ ಸಾಮಾನಿನ ವ್ಯಾಪಾರಿ ಮೊನ್ನೆ ಬಂದವನು ಅರ್ಥ ಮಾಡಿಸಿದ. ತೂತಿಲ್ಲದ, ನಂಬರಿರುವ ಟೋಪಿ ಯಾರ ಹತ್ತಿರವಾದರೂ ಇದೆಯೇ ಎಂದು ನೀನು ಒಂದು ತಿಂಗಳಿನಿಂದ ಅವನಿಗೆ, ಅವನ ದಾಯಾದಿಗೆ, ಎಲ್ಲರಿಗೂ ಬರೆಯುತ್ತಿದ್ದೀಯಂತೆ. "ನಿಮ್ಮ ಭಾಮೈದನಿಗೂ ಹುಚ್ಚು ಹಿಡೀತು ಸಾರ್," ಅಂದ.

ಟೋಪಿ ನಿನಗೆ ಬೇಕಿತ್ತು. ಬಾಯಿಬಿಟ್ಟು ಕೇಳಿದ್ದರೆ ಹನ್ನೊಂದರಲ್ಲಿ ಯಾವುದನ್ನಾದರೂ ಕೊಡುತ್ತಿದ್ದೆ. ಅದರ ಬದಲು ನನ್ನ ಮಗಳ ತಲೆಯಿಂದ ಕಿತ್ತುಕೊಳ್ಳಲು ಹೊರಟೆ. ಅವಳು ಶೆಲ್ಲುಗಳ ಕೆಳಗೆ ಓಡಾಡುತ್ತಿರುವಾಗ ಅವಳ ಮನಸ್ಸಿನಲ್ಲಿ ಹೆದರಿಕೆ ಹುಟ್ಟಿಸುವ ಮಾತನ್ನು ನಾನು ಬರೆಯುವುದಿಲ್ಲ. ವಿಳಾಸವನ್ನೂ ಕೊಡುವುದಿಲ್ಲ. ನಿನ್ನ ಅಕ್ಕನಿಗೆ ಇದು ಯಾವುದೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಕೆಲವು ಕಾಲ ಬರೆಯಬೇಡ.

ಏಪ್ರಿಲ್ 19

ಇದರೊಂದಿಗಿರುವುದು ನೀನು ಕಳುಹಿಸಿದ ರಿಜಿಸ್ಟರ್ ಲಕೋಟೆ. ಹೇಗೆ ಬಂತೋ ಹಾಗೇ ಇದೆ, ಒಡೆದಿಲ್ಲ. ದಪ್ಪ ನೋಡಿದರೆ ಐದಾರು ಹಾಳೆ ಇರಬೇಕು. ಅಷ್ಟು ಸಮಜಾಯಿಷಿ ಓದುವ ತಾಳ್ಮೆ ನನಗಿಲ್ಲ.

ಒಂದು ಸುದ್ದಿ ಮಾತ್ರ ತಿಳಿದಿರಲಿ, ಇನ್ನು ಮೇಲೆ ಇಲ್ಲಿ ಆಸೆಪಡಲು ಏನೂ ಉಳಿದಿಲ್ಲ ಎಂಬುದಕ್ಕಾಗಿ. ಮಗಳು ಮತ್ತೆ ಬರೆದಿದ್ದಳು. ಸ್ಟ್ರೆಚರ್ ಹೊರುವವರಿಗೆ ತಲೆಗೆ ಏನೂ ಇಲ್ಲ, ನಿಮ್ಮವನ್ನು ಕಳುಹಿಸುತ್ತೀರಾ ಎಂದು ಕೇಳಿದ್ದಳು. ಔಷಧಿ ಒಯ್ಯುವ ಲಾರಿಯಲ್ಲಿ ಹನ್ನೊಂದನ್ನೂ ಸೋಮವಾರ ಕಳುಹಿಸಿದೆ. ಇಪ್ಪತ್ತಾರು ವರ್ಷ ಕೂಡಿಸಿದ್ದು. ಬೀರು ಖಾಲಿಯಾಯಿತು, ನನಗೆ ಒಂದು ಚೂರೂ ಬೇಸರವಾಗಲಿಲ್ಲ. ಗಾಜಿನ ಹಿಂದೆ ಇರುವುದಕ್ಕಿಂತ ತಲೆಗಳ ಮೇಲೆ ಇರುವುದು ಅವಕ್ಕೂ ಮರ್ಯಾದೆ.

ಏಪ್ರಿಲ್ 25

ಭಾವ,

ಲಕೋಟೆಯಾದರೆ ಒಡೆಯದೆ ವಾಪಸು ಮಾಡುತ್ತೀರಿ. ಅದಕ್ಕೇ ಕಾರ್ಡು. ಅಂಚೆಯವನು ಓದಲಿ, ಬೀದಿಯವರು ಓದಲಿ, ಅಕ್ಕನೂ ಓದಲಿ. ಹುಡುಗಿಯ ತಲೆಯ ಮೇಲಿರುವುದು ನಿಮ್ಮ ಟೋಪಿಯಲ್ಲ. ನಿಮ್ಮದು ನನ್ನ ಬೆಂಕಿಯಲ್ಲಿ ಒಡೆಯಿತು. ಅದು ಎರಡು ತೂತಿನದು, ತೂತು ಮುಚ್ಚಿ ನಂಬರು ಹೊಡೆದವನು ನಾನು. ವ್ಯಾಪಾರಿಗಳಿಗೆ ಬರೆದದ್ದು ಒಳ್ಳೆಯದೊಂದನ್ನು ಹುಡುಕಿ ಅವಳಿಗೆ ಕಳುಹಿಸಲು. ಸಿಗಲಿಲ್ಲ.

ಈಗ ಕಳುಹಿಸಿದ ಹನ್ನೊಂದರಲ್ಲೂ ನಾಲ್ಕು ಕೆಟ್ಟವು. ಅವು ನಿಮಗೆ ಮಾರಿದವರ ಮೋಸ. ಹಿಂದೆ ಅವು ಬಣ್ಣ ತೆಗೆಯಲು ನನ್ನ ಹತ್ತಿರ ಬಂದಾಗ ತುಂಬಿದ ತೂತು ಕಂಡಿತು, ಅದರ ಅರ್ಥ ಆಗ ಗೊತ್ತಿರಲಿಲ್ಲ. ನೀವು ಆ ವಾರಗಳಲ್ಲಿ ಎಷ್ಟು ಖುಷಿಯಾಗಿ ಬರೆಯುತ್ತಿದ್ದಿರಿ ಎಂದರೆ ಹೇಳಲು ಮನಸ್ಸಾಗಲಿಲ್ಲ. ಇನ್ನೂ ನಯವಾಗಿ ಮುಚ್ಚಿ ಕಳುಹಿಸಿದೆ. ಯಾವ ನಾಲ್ಕು ಎಂದು ನಿಮಗೆ ತಿಳಿಯದು, ಬರೆದು ತಿಳಿಸಲೂ ಆಗದು. ಮುಟ್ಟಿ ಹೇಳಬಲ್ಲವನು ನಾನೊಬ್ಬನೇ. ಆ ಊರಿನಲ್ಲಿ ಇರುವುದು ಒಂದೇ ಆಸ್ಪತ್ರೆಯಂತೆ, ವಿಳಾಸ ಬೇಕಾಗಿಲ್ಲ. ನಾಳೆ ಬೆಳಿಗ್ಗೆಯ ಬಸ್ಸಿಗೆ ಹೊರಟಿದ್ದೇನೆ. ಕೈ ಡ್ರಿಲ್ಲು ಚೀಲದಲ್ಲಿದೆ.

ತಗಡು

ಮೇ 1

ತಗಡು,

ಇದನ್ನು ಆಸ್ಪತ್ರೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ನಿನ್ನ ಗ್ಯಾರೇಜಿಗೆ ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ಗಡಿಯ ಊರಿಗೆ ಲೈನೇ ಇಲ್ಲ ಎಂದರು. ತಂತಿ ಹೋಗುವುದಿಲ್ಲ ಎಂದರು. ಔಷಧಿ ಲಾರಿಯವನ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ.

ಕಾರ್ಡು ಮೊದಲು ಸಿಕ್ಕಿದ್ದು ನಿನ್ನ ಅಕ್ಕನಿಗೆ. ಬಾಗಿಲಲ್ಲೇ ನಿಂತು ಓದಿದಳು, ತಂದು ನನ್ನ ತಟ್ಟೆಯ ಪಕ್ಕ ಇಟ್ಟಳು. ನಾನು ಓದಿ ಮುಗಿಸುವವರೆಗೆ ನಿಂತಿದ್ದಳು. "ಅವನ ಲಕೋಟೆ ಬಂದಿತ್ತಾ?" ಅಂದಳು. ಬಂದಿತ್ತು ಅಂದೆ. "ಒಡೀಲಿಲ್ವಾ?" ಅಂದಳು. ಅದಾದ ಮೇಲೆ ಅವಳು ನನಗೆ ಒಂದೂ ಮಾತು ಹೇಳಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ನಿನ್ನ ಮೇಲೆ ನನಗೆ ಕೋಪವಿದೆ. ಕೈಗೆ ಸಿಕ್ಕಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದೆ. ಆದರೆ ನೀನು ಹೇಳಿದ ಸುಳ್ಳು ಅಂಚಿನ ಎರಡು ತೂತಿನಷ್ಟು. ನಾನು ಆ ಲಕೋಟೆಯನ್ನು ಕೈಯಲ್ಲಿ ಹಿಡಿದು, ತೂಕ ನೋಡಿ, ಜಂಬದಿಂದ ವಾಪಸು ಮಾಡಿದೆ. ಹನ್ನೆರಡು ದಿನ ಹೋದವು. ಆ ಹನ್ನೆರಡು ದಿನ ನನ್ನವು.

ಅವಳ ತಲೆಯಿಂದ ಅದನ್ನು ತೆಗೆಸು. ಬೇರೆ ಏನೂ ಬೇಡ. ತೆಗೆಸಿ ಒಂದು ಸಾಲು ಬರೆ.

ಭಾವ

ಮೇ 6

ಭಾವನವರಿಗೆ ನಮಸ್ಕಾರ.

ಮೊದಲು ಬೇಕಾದ ಮಾತು. ಹುಡುಗಿ ಚೆನ್ನಾಗಿದ್ದಾಳೆ. ತೆಳ್ಳಗಾಗಿದ್ದಾಳೆ, ಉಗುರು ಕಚ್ಚುತ್ತಾಳೆ, ಅಷ್ಟೇ.

ಇಲ್ಲಿಗೆ ಬರಲು ಆರು ದಿನ ಹಿಡಿಯಿತು. ಬಸ್ಸು ಅರ್ಧ ದಾರಿಗೆ ನಿಲ್ಲಿಸಿದರು, ಆಮೇಲೆ ಟ್ರ್ಯಾಕ್ಟರು, ಆಮೇಲೆ ಕಾಲು. ಆಸ್ಪತ್ರೆ ಮೊದಲು ಶಾಲೆಯಾಗಿತ್ತಂತೆ. ಗೋಡೆಯ ಮೇಲೆ ಇನ್ನೂ ಮಗ್ಗಿ ಬರೆದಿದೆ. ಕಿಟಕಿಗಳಿಗೆಲ್ಲ ಮರಳಿನ ಚೀಲ. ಅಂಗಳದಲ್ಲಿ ಎರಡು ವ್ಯಾನು ನಿಂತಿದ್ದವು, ಬಾನೆಟ್ಟಿನ ಮೇಲೆ ನಿಮ್ಮ ಟೋಪಿಗಳನ್ನು ಸಾಲಾಗಿ ಒಣಗಲು ಇಟ್ಟಿದ್ದರು. ನನ್ನನ್ನು ನೋಡಿ ಅವಳು "ಮಾವ, ನೀವಿಲ್ಲಿ ಯಾಕೆ?" ಅಂದಳು. ನಾನು ಅವಳ ಮುಖ ನೋಡದೆ ಟೋಪಿಗಳ ಹತ್ತಿರ ಹೋದೆ.

ಒಂದೊಂದನ್ನೇ ತಿರುವಿ ಅಂಚು ಮುಟ್ಟಿ ನಾಲ್ಕನ್ನು ಪಕ್ಕಕ್ಕಿಟ್ಟೆ. ಅವಳದನ್ನು ತಲೆಯಿಂದ ಕೇಳಿ ತೆಗೆದುಕೊಂಡೆ. ಮೆಟ್ಟಿಲ ಮೇಲೆ ಕೂತು ಐದಕ್ಕೂ ಡ್ರಿಲ್ಲು ಹಾಕಿದೆ. ಹಿತ್ತಾಳೆಯ ಪುಡಿ ಮಂಡಿಯ ಮೇಲೆಲ್ಲ ಬಿತ್ತು. ಸ್ಟ್ರೆಚರಿನವರು ಸುತ್ತ ನಿಂತು ನೋಡುತ್ತಿದ್ದರು. ಹತ್ತು ತೂತು ತೆರೆದ ಮೇಲೆ ನಾನೇ ಎಲ್ಲರೆದುರು ಹೇಳಿದೆ. ಏನೂ ಬಿಡದೆ ಪೂರ್ತಿ ಹೇಳಿದೆ. ಅವಳು ತನ್ನ ಟೋಪಿಯ ತೂತಿಗೆ ಬೆರಳು ಇಟ್ಟಳು. "ಎರಡು ತಿಂಗಳು ಇದನ್ನ ಹಾಕ್ಕೊಂಡು ಎಲ್ಲೆಲ್ಲಿ ಹೋದೆ ಗೊತ್ತಾ ಮಾವ?" ಅಂದಳು. ಬೈಯಲಿಲ್ಲ. ಅಕ್ಕನ ಹಾಗೇ ಅವಳು.

ಹೊರಗೆ ಹೋಗುವವರು ಒಂಬತ್ತು ಜನ. ನಿಮ್ಮ ಒಳ್ಳೆಯವು ಏಳು, ಆಸ್ಪತ್ರೆಯದು ಒಂದು. ಒಂದು ತಲೆ ಉಳಿಯಿತು. ಡ್ರೈವರ್ ತನ್ನ ತಲೆಯಿಂದ ಹೆಲ್ಮೆಟ್ ತೆಗೆದು ಅವಳ ಕೈಗೆ ಕೊಟ್ಟ. ಅವಳು ಅದನ್ನು ಅವನ ತಲೆಗೇ ವಾಪಸು ಇಟ್ಟು, ತೂತಿನದನ್ನೇ ಹಾಕಿಕೊಂಡು ವ್ಯಾನು ಹತ್ತಲು ಹೊರಟಳು. ನಾನು ಬಾಗಿಲಿಗೆ ಅಡ್ಡ ನಿಂತೆ.

ಭಾವ, ಗಾಡಿ ಓಡಿಸುವುದು ನನಗೆ ಬರುತ್ತದೆ. ಮೂವತ್ತು ವರ್ಷ ಒಡೆದ ಗಾಡಿಗಳನ್ನೇ ಓಡಿಸಿದ್ದೇನೆ. ಡ್ರೈವರನ್ನು ಅಂಗಳದಲ್ಲಿ ಎರಡನೇ ವ್ಯಾನಿನ ಗೇರ್‌ಬಾಕ್ಸ್ ಬಿಚ್ಚಲು ಕೂರಿಸಿದೆ. ಅವನ ಹೆಲ್ಮೆಟ್ ಅವಳಿಗೆ ಬಂತು. ಸ್ಟೇರಿಂಗು ನನಗೆ. ಒಬ್ಬರು ಕೆಟ್ಟದ್ದನ್ನು ಹಾಕಲೇಬೇಕಾದರೆ ಮಾಡಿದವನು ಹಾಕುವುದೇ ಸರಿ ಎಂದೆ. ಅವಳು ಒಪ್ಪಲಿಲ್ಲ, ಜಗಳ ಮಾಡಿದಳು, ಅಷ್ಟರಲ್ಲಿ ಕರೆ ಬಂತು, ಹೊರಟೆವು.

ಇವತ್ತಿಗೆ ನಾಲ್ಕು ದಿನವಾಯಿತು. ದಿನಕ್ಕೆ ಆರೇಳು ಸುತ್ತು. ಸೇತುವೆಯ ಹತ್ತಿರ ಮಾತ್ರ ವೇಗವಾಗಿ ಹೋಗಬೇಕು. ನನಗೆ ಹೆದರಿಕೆಯಾಗುತ್ತದೆ, ಮುಚ್ಚಿಡುವುದಿಲ್ಲ. ಆದರೆ ಅಂಚೆಡಬ್ಬದ ಎದುರು ನಿಂತ ದಿನ ಆದಷ್ಟು ಆಗುವುದಿಲ್ಲ.

ನಿಮ್ಮ ಪತ್ರ ನಿನ್ನೆ ಲಾರಿಯವನು ಕೊಟ್ಟ. ಹನ್ನೆರಡು ದಿನ ನಿಮ್ಮವಲ್ಲ. ಅದಕ್ಕೂ ಮೊದಲಿನ ಮೂರು ತಿಂಗಳು ನನ್ನವು. ಅಕ್ಕ ಕೇಳಿದರೆ ನಾನು ಯಾವ ಟೋಪಿ ಹಾಕಿದ್ದೇನೆ ಎಂದು ನಿಜವನ್ನೇ ಹೇಳಿ. ಕರೆಯುತ್ತಿದ್ದಾರೆ.

ತಗಡು

ಮೇ 29

ತಗಡು,

ನಿನ್ನ ಪತ್ರ ಬಂದ ಮೇಲೆ ಎರಡು ಸಲ ಬರೆದೆ, ಉತ್ತರವಿಲ್ಲ. ಲಾರಿಯವನನ್ನು ಕೇಳಿದರೆ ತಾನು ಗೇಟಿನಲ್ಲೇ ಸಾಮಾನು ಇಳಿಸಿ ಬರುತ್ತೇನೆ, ಒಳಗಿನದು ಗೊತ್ತಿಲ್ಲ ಅನ್ನುತ್ತಾನೆ. ನನ್ನ ಮುಖ ನೋಡಿ ಮಾತಾಡುವುದಿಲ್ಲ ಅವನು, ಅವಸರದ ಮನುಷ್ಯ.

ಇವತ್ತು ಮಗಳ ಪತ್ರ ಬಂತು. ಚಿಕ್ಕದು. ರಜೆ ಕೇಳಿದ್ದಾಳಂತೆ, ಜೂನ್ ಐದಕ್ಕೆ ಹೊರಡುತ್ತಾಳೆ. ಒಂದು ದಿನವೂ ರಜೆ ಕೇಳದ ಹುಡುಗಿ. ತಾನು ಬರುವ ದಿನ ಅಪ್ಪ ಎಲ್ಲೂ ಹೋಗಬಾರದು, ಅಮ್ಮನ ಹತ್ತಿರವೇ ಇರಬೇಕು ಎಂದು ಎರಡು ಸಲ ಬರೆದಿದ್ದಾಳೆ. ನಾನು ಎಲ್ಲಿಗೆ ಹೋಗುತ್ತೇನೆ, ಈ ವಯಸ್ಸಿನಲ್ಲಿ? ಅವಳ ವ್ಯಾನಿಗೆ ಮೊದಲಿನ ಡ್ರೈವರೇ ಮತ್ತೆ ಬಂದಿದ್ದಾನಂತೆ. ಸೇತುವೆಯ ದಾರಿ ಈಗ ಮುಚ್ಚಿದೆಯಂತೆ. ನಿನ್ನ ಬಗ್ಗೆ ಬೇರೆ ಏನೂ ಇಲ್ಲ. ಕೊನೆಯಲ್ಲಿ ಮಾತ್ರ, "ಮಾವನ ಚೀಲ ನಾನೇ ತರುತ್ತೇನೆ," ಎಂದಿದ್ದಾಳೆ.

ನಿನ್ನ ಚೀಲವನ್ನು ಅವಳೇಕೆ ಹೊರಬೇಕು? ನಿನಗೆ ಕೈಯಿಲ್ಲವೇ? ನೀನೂ ಜೊತೆಗೆ ಬರುತ್ತಿದ್ದೀಯ ಎಂದು ನಾನು ತಿಳಿದುಕೊಂಡಿದ್ದೇನೆ. ಅವಳು ಬರೆಯಲು ಮರೆತಿರಬೇಕು, ಅವಸರದಲ್ಲಿ ಬರೆದಂತಿದೆ, ಅಕ್ಷರ ನೆಟ್ಟಗಿಲ್ಲ. ಹಾಗಿದ್ದರೆ ಮುಂಭಾಗದ ಕೋಣೆ ಖಾಲಿ ಮಾಡಿಸುತ್ತೇನೆ. ಗಾಜಿನ ಬೀರು ತೆಗೆದು ಅಲ್ಲಿ ನಿನಗೊಂದು ಮಂಚ ಹಾಕಿದರಾಯಿತು. ನಾಲ್ಕು ದಿನ ಇರು, ಬೈಯುವುದು ಬಹಳ ಬಾಕಿ ಇದೆ, ಬೈದು ಮುಗಿಸಿ ಕಳುಹಿಸುತ್ತೇನೆ.

ನಿನ್ನ ಅಕ್ಕ ಪತ್ರವನ್ನು ಎರಡು ಸಲ ಓದಿ ಮಡಿಸಿ ಇಟ್ಟಳು. ಮಗಳು ಯಾವ ರೈಲಿಗೆ ಬರುತ್ತಾಳೆ ಎಂದು ಕೇಳಿದಳು, ಊಟ ಮಾಡಿದಿರಾ ಎಂದು ಕೇಳಿದಳು. ಒಂದು ತಿಂಗಳಾದ ಮೇಲೆ ನನ್ನ ಜೊತೆ ಮಾತಾಡಿದಳು. ನಿನ್ನ ಬಗ್ಗೆ ಮಾತ್ರ ಏನೂ ಕೇಳುತ್ತಿಲ್ಲ. ನಾನೇ ಎತ್ತಿದರೆ ಕೈಹಿಡಿದು ಸುಮ್ಮನೆ ಕೂರಿಸುತ್ತಾಳೆ.

ಒಂದು ಸಾಲು ಬರೆ ಮಾರಾಯ. ಲಕೋಟೆಯಾದರೂ ಸರಿ, ಬಂದ ತಕ್ಷಣ ಒಡೆಯುತ್ತೇನೆ.

ನಿನ್ನ ಭಾವ